ವಾಡಿಯ ಮತಪೆಟ್ಟಿಗೆ

ತೊಗರಿ ರಾಶಿ ಕಾಯುವ ರಾತ್ರಿ ಬೆಂಕಿ ಸುತ್ತ ಕೂತಾಗ ನಮ್ಮ ಕೋಡ್ಲಾದ ಹುಡುಗರು ನನ್ನನ್ನು ಕೇಳುವುದು ರೈಲಿನ ಕತೆ. ಎಂಜಿನ್ ಎಷ್ಟು ಜೋರು ಓಡ್ತದ, ರಾತ್ರಿ ನಿದ್ದಿ ಬರಂಗಿಲ್ಲೇನ್, ಅಂತ. ನಾನು ಹೇಳುವುದು ಪೆಟ್ಟಿಗೆಯ ಕತೆ.

2023ರ ನವೆಂಬರ್. ವಾಡಿ ಜಂಕ್ಷನ್ನಿನ ಲಾಬಿ ಹೊರಗೆ ಒಂದು ಮೇಜು, ಅದರ ಮೇಲೆ ಸೀಲ್ ಹಾಕಿದ ಪೆಟ್ಟಿಗೆ. ಲಾಬಿ ಅಂದರೆ ನಾವು ಲೋಕೋ ಪೈಲಟ್‌ಗಳು ಡ್ಯೂಟಿಗೆ ಸಹಿ ಮಾಡುವ, ಮಷಿನ್ನಿಗೆ ಬಾಯಿ ಊದಿ ಕುಡಿದಿಲ್ಲ ಎಂದು ತೋರಿಸುವ ಜಾಗ. ರೈಲ್ವೆ ನೌಕರರ ಒಕ್ಕೂಟವಾದ ಎಐಆರ್‌ಎಫ್ ಕರೆ ಕೊಟ್ಟಿತ್ತು, ದೇಶದ ತುಂಬ ರೈಲ್ವೆಯವರೆಲ್ಲ ಗುಪ್ತ ಮತ ಹಾಕಬೇಕು. ಚೀಟಿಯ ಮೇಲೆ ಪ್ರಶ್ನೆ ಒಂದೇ: ಹಳೇ ಪಿಂಚಣಿಗಾಗಿ ಮುಷ್ಕರಕ್ಕೆ ಒಪ್ಪಿಗೆ ಇದೆಯೋ, ಇಲ್ಲವೋ?

2004ರ ಜನವರಿ 1ರಿಂದ ನೌಕರಿಗೆ ಸೇರಿದವರಿಗೆ ಹಳೇ ಪಿಂಚಣಿ ಇಲ್ಲ, ಅವರಿಗೆ ಬಂದದ್ದು ಎನ್‌ಪಿಎಸ್ ಎಂಬ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ. ಒಂದೇ ಕ್ಯಾಬಿನಲ್ಲಿ ಕೂತು ಒಂದೇ ಸಿಗ್ನಲ್ ಕೂಗುವ ಇಬ್ಬರಲ್ಲಿ ಹಿರಿಯನಿಗೆ ನಿವೃತ್ತಿಯ ಚಿಂತೆಯಿಲ್ಲ. ಪಕ್ಕದ ಅಸಿಸ್ಟೆಂಟಿನ ಮುಪ್ಪು ಷೇರುಪೇಟೆಯ ಏರಿಳಿತದ ಮೇಲೆ. ಗಾಡಿ ಓಡಿಸುವ ನಮ್ಮಂಥ ರನ್ನಿಂಗ್ ಸ್ಟಾಫಿಗೆ ಇದು ಇನ್ನೂ ದೊಡ್ಡ ಪೆಟ್ಟು. ಹಳೇ ಪದ್ಧತಿಯಲ್ಲಿ ನಮ್ಮ ಮೂಲವೇತನಕ್ಕೆ ಶೇ 55 ಸೇರಿಸಿ ಪಿಂಚಣಿ ಲೆಕ್ಕ ಹಾಕುತ್ತಿದ್ದರು. ಹಗಲು-ರಾತ್ರಿ ಅನ್ನದೆ ಗಾಡಿ ಓಡಿಸಿದ ದುಡಿಮೆಗೆ ಅದು ಬೆಲೆ.

ನಾನು ಸಿಮೆಂಟ್ ರೇಕ್ ಬಿಟ್ಟು ಬಂದದ್ದು ರಾತ್ರಿ. ಪೆಟ್ಟಿಗೆ ಕಾಯುವವರು ಅಲ್ಲೇ ಬೆಂಚಿನ ಮೇಲೆ ಕೂತಿದ್ದರು. ರನ್ನಿಂಗಿನವರು ಯಾವಾಗ ಬರುತ್ತಾರೆ ಅಂತ ಹೇಳಲಾಗದಲ್ಲ! ಸೇಡಂ ಕಡೆಯಿಂದ ಬಂದವರು, ಸೊಲ್ಲಾಪುರದ ಕಡೆಯಿಂದ ಬಂದವರು, ಕೈಯಲ್ಲಿ ಡ್ಯೂಟಿಯ ಪೆಟ್ಟಿಗೆ-ಚೀಲ ಹಿಡಿದೇ ಸಾಲು ನಿಂತೆವು. ಯಾರೂ ಭಾಷಣ ಮಾಡಲಿಲ್ಲ. ಚೀಟಿ ಮಡಚಿ ಹಾಕುವಾಗ ನನ್ನ ಎದೆ ಹೊಡೆದುಕೊಂಡದ್ದು ಇನ್ನೂ ನೆನಪಿದೆ. ಮುಷ್ಕರ ಅಂದರೆ ಸಂಬಳ ನಿಲ್ಲುವುದು, ನೌಕರಿಗೇ ಕುತ್ತು ಬರಬಹುದು. ಆದರೂ ಹೌದು ಅಂದೆ. ದೇಶದಲ್ಲಿ ಮತ ಹಾಕಿದವರ ಪೈಕಿ ಶೇ 90ಕ್ಕೂ ಹೆಚ್ಚು ಮಂದಿ ಹೌದು ಅಂದಿದ್ದರು.

ಮರುದಿನ ಊರಿಗೆ ಬಂದು ಇದನ್ನು ಹೇಳಿದ್ದು ನಮ್ಮ ಓಣಿಯ ಒಬ್ಬ ಕಾಕಾಗೆ. ಗ್ಯಾಂಗ್‌ಮನ್ ಆಗಿದ್ದವರು, 1974ರ ಮುಷ್ಕರ ಕಂಡವರು. ಆ ಮೇ 8ರಿಂದ ಇಪ್ಪತ್ತು ದಿನ ದೇಶದ ಗಾಡಿಗಳಿಗೆ ಲಕ್ವ ಹೊಡೆದಿತ್ತು. ಮುಂದಾಳು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್, ಶುರುವಾಗುವ ಮೊದಲೇ ಜೈಲು ಸೇರಿದ್ದರು. ಸಾವಿರಾರು ಮಂದಿಯ ನೌಕರಿ ಹೋಯಿತು, ಕ್ವಾರ್ಟರ್ಸಿನಿಂದ ಹೆಂಡತಿ-ಮಕ್ಕಳನ್ನು ಹೊರಗೆ ಹಾಕಿದರು. ಕೆಲಸ ಕಳಕೊಂಡವರನ್ನು ಮತ್ತೆ ತೆಗೆದುಕೊಂಡದ್ದು 1977ರಲ್ಲಿ ಸರ್ಕಾರ ಬದಲಾದ ಮೇಲೆ.

"ಕಾಕಾ, ಆಗ ನಿಮ್ಗ ಕೇಳಿದ್ರೇನ್?" ಅಂದೆ.

"ಸುರು ಆಗುವಾಗ ಎಲ್ಲಾ ಕಡಿ ಮೀಟಿಂಗೇ ಮೀಟಿಂಗಪ್ಪಾ. ಮುಷ್ಕರ ನಿಂತದ್ದು ಮಾತ್ರ ರೇಡಿಯೋದಾಗ ಗೊತ್ತಾಯ್ತು," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನೀ ಓಟು ಹಾಕಿದಿ, ಚಲೋ ಆಯ್ತು. ಸರ್ಕಾರ ಏನರ ಕೊಡ್ತೀನಿ ಅಂದಾಗೂ ಪೆಟಗಿ ಇಡ್ತಾರೇನ್ ಕೇಳಿಟ್ಕೋ," ಅಂದರು.

ಆ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ. ಯೂನಿಯನ್ನಿನವರು 2024ರ ಮೇ 1ರಿಂದ ಮುಷ್ಕರ ಅಂದರು, ಮುಂದಕ್ಕೆ ಹಾಕಿದರು. ಆಗಸ್ಟ್ 24ಕ್ಕೆ ಕೇಂದ್ರ ಸಂಪುಟ ಏಕೀಕೃತ ಪಿಂಚಣಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. 25 ವರ್ಷ ಸೇವೆ ಮಾಡಿದವರಿಗೆ ಕಡೇ 12 ತಿಂಗಳ ಸರಾಸರಿ ಮೂಲವೇತನದ ಅರ್ಧ, 10 ವರ್ಷ ಮಾಡಿದವರಿಗೆ ತಿಂಗಳಿಗೆ ಕನಿಷ್ಠ 10,000 ರೂಪಾಯಿ. ನಮ್ಮ ಸಂಬಳದ ಶೇ 10 ಕಡಿತ ಮಾತ್ರ ಹಾಗೇ. ಹಳೇ ಪಿಂಚಣಿಯಲ್ಲಿ ಆ ಕಡಿತ ಇರಲಿಲ್ಲ. ಇದು ಸಣ್ಣ ಗೆಲುವಲ್ಲ, ಇಪ್ಪತ್ತು ವರ್ಷದ ಕೂಗಿಗೆ ಸಿಕ್ಕ ಉತ್ತರ. ಆದರೆ ನಾವು ಮತ ಹಾಕಿದ್ದು ಇದಕ್ಕಲ್ಲ. ಇದು ಸಾಕೋ, ಇನ್ನೂ ಜಗ್ಗಬೇಕೋ ಎಂದು ಕೇಳಲು ಲಾಬಿ ಮುಂದೆ ಯಾರೂ ಮೇಜು ಹಾಕಲಿಲ್ಲ. ವಾಟ್ಸಾಪಿನಲ್ಲಿ ಅಭಿನಂದನೆಗಳು ಹರಿದಾಡಿದವು, ಅಷ್ಟೇ.

ಡಿಸೆಂಬರ್‌ನಲ್ಲಿ ಪೆಟ್ಟಿಗೆ ಮತ್ತೆ ಬಂತು. 4ರಿಂದ 6ರವರೆಗೆ ರೈಲ್ವೆ ಯೂನಿಯನ್‌ಗಳ ಮಾನ್ಯತೆಗೆ ಚುನಾವಣೆ, 2013ರ ನಂತರ ಮೊದಲ ಸಲ. ಅಲ್ಲಿ ಹುಡುಗರು ಸಿಟ್ಟು ತೀರಿಸಿಕೊಂಡದ್ದೂ ಉಂಟು, ನಂಬಿಕೆ ಉಳಿಸಿಕೊಂಡದ್ದೂ ಉಂಟು. ಆದರೆ ಯಾವ ಯೂನಿಯನ್ ಬೇಕು ಅನ್ನುವುದು ಬೇರೆ, ಈ ಪಿಂಚಣಿ ಯೋಜನೆ ಬೇಕೇ ಅನ್ನುವುದು ಬೇರೆ.

ಆ ಎರಡನೇ ಪ್ರಶ್ನೆ ಕೊನೆಗೆ ಬಂದದ್ದು ಒಬ್ಬೊಬ್ಬರ ಕೈಗೆ, ಅರ್ಜಿಯ ರೂಪದಲ್ಲಿ. ಹೊಸ ಯೋಜನೆಗೆ ಬರುತ್ತೀರೋ, ಎನ್‌ಪಿಎಸ್‌ನಲ್ಲೇ ಇರುತ್ತೀರೋ? 2025ರ ಜೂನ್ 30 ಗಡುವು ಇದ್ದದ್ದು ಸೆಪ್ಟೆಂಬರ್ 30 ಆಯಿತು, ಆಮೇಲೆ ನವೆಂಬರ್ 30. ಎಷ್ಟು ಸಲ ದಿನ ಮುಂದೆ ಹಾಕಿದರೂ ಹೊಸ ಯೋಜನೆಗೆ ಹೋದವರು ಕಡಿಮೆ. ಲಾಬಿ ಮುಂದೆ ಕೂಡಿ ಸಾಲು ನಿಂತಿದ್ದ ನಾವು ಈಗ ಮನೆ ಮನೆಯಲ್ಲಿ ಒಬ್ಬಂಟಿಯಾಗಿ, ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಲೆಕ್ಕ ಹಾಕಿದೆವು. ಅವಳು ಕೇಳಿದಳು: "ನಿಮಗೇನರ ಆದ್ರ ನಮಗೆಷ್ಟು?" ಕುಟುಂಬಕ್ಕೆ ಪಿಂಚಣಿಯ ಶೇ 60 ಅಂತ ಹೊಸ ಯೋಜನೆಯಲ್ಲಿ ಬರೆದಿತ್ತು. ಅದೊಂದೇ ಸಾಲಿನ ಮೇಲೆ ನಾನು ಹೊಸದಕ್ಕೆ ಸಹಿ ಮಾಡಿದೆ. ನನ್ನ ಅಸಿಸ್ಟೆಂಟ್ ಮಾಡಲಿಲ್ಲ. ಅವನದೂ ಸರಿಯೇ. ಅವನಿಗಿನ್ನೂ ಮದುವೆಯಾಗಿಲ್ಲ.

ಈಗ ಎಂಟನೇ ವೇತನ ಆಯೋಗ ಕೂತಿದೆ. ಗಾಡಿ ಓಡಿಸಿದ ದೂರಕ್ಕೆ ನಮಗೆ ಸಿಗುವ ಕಿಲೋಮೀಟರ್ ಭತ್ಯೆಯ ಮಾತೂ ಅದರ ಜೊತೆ ಬಂದೇ ಬರುತ್ತದೆ. ಶಾಖೆಯ ಸಭೆಯಲ್ಲಿ ಎದ್ದು ನಿಂತು ಕಾಕಾನ ಮಾತನ್ನೇ ಹೇಳಿದೆ. ಮುಷ್ಕರಕ್ಕೆ ಇಟ್ಟ ಪೆಟ್ಟಿಗೆಯನ್ನು ಒಪ್ಪಂದಕ್ಕೂ ಇಡಿ, ಸಹಿ ಹಾಕುವ ಮೊದಲು ಒಮ್ಮೆ ನಮ್ಮನ್ನು ಕೇಳಿ. ಹಿಂದಿನ ಸಾಲಿನ ಹುಡುಗರು ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿ ಅದನ್ನು ವಹಿಯಲ್ಲಿ ಬರೆದುಕೊಂಡರು.