ಹೊಸ ಹಲಗೆ, ಹಳೇ ಮಂಡಿ

ವಿಡಿಯೊ ಕರೆಯಲ್ಲಿ ಅಮ್ಮನಿಗೆ ಹೊಸ ಲಾಂಗ್‌ಬೋರ್ಡ್ ತೋರಿಸಿದೆ. ತೀರ್ಥಹಳ್ಳಿಯ ಮನೆಯಂಗಳದಲ್ಲಿ ಅಡಿಕೆ ಹರಡುತ್ತಿದ್ದವಳು ಕನ್ನಡಕ ಸರಿಮಾಡಿಕೊಂಡು ನೋಡಿದಳು.

"ಬ್ರೇಕ್ ಎಲ್ಲಿದ್ಯೋ ಇದಕ್ಕೆ?"

"ಬ್ರೇಕ್ ಇರಲ್ಲಮ್ಮ."

"ಮತ್ತೆ ನಿಲ್ಸೋದು ಹ್ಯಾಗೆ?"

"ಅಡ್ಡ ತಿರುಗಿಸಿ ಜಾರಿಸ್ಬೇಕು."

ಸ್ವಲ್ಪ ಹೊತ್ತು ಸುಮ್ಮನಿದ್ದು, "ನಲವತ್ತೊಂದು ತುಂಬ್ತು ನಿಂಗೆ" ಎಂದಷ್ಟೇ ಹೇಳಿ ಅಡಿಕೆಯ ಕಡೆ ತಿರುಗಿದಳು.

ನನ್ನ ಹಳೆಯ ಹಲಗೆ ಬಲು ಸಾಧು. ಒಂದು ಮೀಟರ್ ಉದ್ದ, ನಡುವೆ ಹಿತವಾದ ಬಳುಕು. ಚಕ್ರದ ಅಚ್ಚನ್ನು ಹಿಡಿದಿರುವ ಲೋಹದ ಭಾಗಕ್ಕೆ ಟ್ರಕ್ ಎನ್ನುತ್ತಾರೆ. ಲಾರಿಗೂ ಅದಕ್ಕೂ ಸಂಬಂಧವಿಲ್ಲ. ಹಲಗೆಯನ್ನು ಕೊರೆದು ಅದನ್ನು ಕೂರಿಸಿದ್ದರಿಂದ ನಿಂತವನು ನೆಲಕ್ಕೆ ಹತ್ತಿರವೇ ಇರುತ್ತಿದ್ದ. ನಾನು ಮೈಮರೆತರೂ ಹಳೇ ಎತ್ತಿನ ಹಾಗೆ ದಾರಿ ಹಿಡಿದು ಮನೆ ಸೇರಿಸುತ್ತಿತ್ತು. ಹೊಸದಕ್ಕೆ ಆ ದಾಕ್ಷಿಣ್ಯವಿಲ್ಲ. 36 ಇಂಚು ಉದ್ದ, ಬಳುಕೆಂಬುದೇ ಇಲ್ಲ, ಟ್ರಕ್ಕಿನ ನೆತ್ತಿಯ ಮೇಲೇ ಕೂತಿದೆ. ಎತ್ತರ ಹೆಚ್ಚಾದದ್ದು ಎರಡು ಬೆರಳಿನಷ್ಟು, ಆದರೆ ಹತ್ತಿ ನಿಂತರೆ ಅಟ್ಟ ಏರಿದಂತೆ. ಮೆಚ್ಚಿಗೆಯಾದದ್ದು ಅದರ ಬೊಗಸೆ. ಅಂಚುಗಳು ಮೇಲೆದ್ದು, ನಡುವೆ ಸಣ್ಣ ಏಣು ಬಂದು, ಪಾದ ಎಲ್ಲಿದೆಯೆಂದು ಬಗ್ಗಿ ನೋಡದೆ ತಿಳಿಯುತ್ತದೆ. ಕತ್ತಲಲ್ಲಿ ಅಡುಗೆಮನೆಯ ಸ್ವಿಚ್ ಕೈಗೆ ಸಿಕ್ಕ ಹಾಗೆ. ಮೇಲಿನ ಉಪ್ಪುಕಾಗದ ಮಾತ್ರ ಎರಡೇ ವಾರದಲ್ಲಿ ನನ್ನ ಶೂ ತಿಂದುಹಾಕಿತು.

ಶನಿವಾರ ಬೆಳಿಗ್ಗೆ ಬರ್ಕ್ಲಿಯ ಗುಡ್ಡ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಿಂದ ಎದ್ದ ಮಂಜು ರಸ್ತೆಯನ್ನು ಒದ್ದೆ ಮಾಡಿರುತ್ತದೆ. ಒಣಗುವ ತನಕ ಕಾಯಬೇಕು. ಕಾಯುವಾಗ ಜೊತೆಗಿದ್ದವನು ಹದಿನಾರರ ಹುಡುಗ, ಈ ವಿದ್ಯೆಯಲ್ಲಿ ನನ್ನ ಗುರು. "ಮುಂಗಾಲಿಗೆ ಭಾರ ಹಾಕು" ಎಂದ. ಇಂಗ್ಲಿಷಿನಲ್ಲಿ ನೀನು, ನೀವು ಎಂಬ ಭೇದವಿಲ್ಲದ್ದರಿಂದ ನನ್ನ ಮಾನ ಉಳಿಯಿತು.

ಅವನ ಮಾತಿನ ಬೆಲೆ ಗೊತ್ತಾದದ್ದು ಮೊದಲ ಇಳಿಜಾರಿನಲ್ಲೇ. ವೇಗ ಗಂಟೆಗೆ ನಲವತ್ತು ಕಿಲೋಮೀಟರ್ ಮುಟ್ಟಿರಬಹುದು, ಹಲಗೆ ಎಡಬಲಕ್ಕೆ ತಲೆಯಾಡಿಸತೊಡಗಿತು. ಹೆದರಿದವನು ಹಿಂದಕ್ಕೆ ವಾಲುತ್ತಾನೆ, ಭಾರ ಹಿಂದಿನ ಟ್ರಕ್ಕಿಗೆ ಬೀಳುತ್ತದೆ, ಬಾಲವೇ ಹಲಗೆಯನ್ನು ತಿರುಗಿಸಲು ಹೊರಡುತ್ತದೆ, ನಡುಕ ಇಮ್ಮಡಿಯಾಗುತ್ತದೆ. ಅದಕ್ಕೆಂದೇ ನನ್ನದರಲ್ಲಿ ಮುಂದಿನ ಟ್ರಕ್ 50 ಡಿಗ್ರಿ, ಹಿಂದಿನದು 40: ಮುಂದಿನದು ತಿರುಗಲಿ, ಹಿಂದಿನದು ಹಿಂಬಾಲಿಸಲಿ. ಹಲ್ಲು ಕಚ್ಚಿ ಮುಂಗಾಲನ್ನು ಒತ್ತಿದೆ. ತಲೆಯಾಟ ನಿಂತಿತು. ಕೆನಡಾದ ಕ್ವಿಬೆಕ್‌ನಲ್ಲಿ 2017ರಲ್ಲಿ ಪೀಟರ್ ಕಾನೊಲಿ ಎಂಬಾತ ಇಂಥದೇ ಹಲಗೆಯ ಮೇಲೆ ನಿಂತು ಗಂಟೆಗೆ 146.73 ಕಿಲೋಮೀಟರ್ ವೇಗದಲ್ಲಿ ಇಳಿದಿದ್ದಾನೆ. ಆತನ ಅಮ್ಮ ಏನಂದರೋ.

ನನಗೆ ಬೇಕಾದದ್ದು ವೇಗವಲ್ಲ, ಜಾರುವುದು. ಚಿಕ್ಕಂದಿನಲ್ಲಿ ಅಡಿಕೆ ಹಾಳೆಯ ಮೇಲೆ ಕೂತು ಗುಡ್ಡ ಜಾರಿದವನು ನಾನು. ಆಗ ಹಾಳೆ ನಿಲ್ಲುತ್ತಿದ್ದುದು ಹಳುವಿನೊಳಗೆ ನುಗ್ಗಿದ ಮೇಲೇ. ನಿಲ್ಲಿಸುವ ಜವಾಬ್ದಾರಿ ಮುಳ್ಳಿನದು. ಇಲ್ಲಿ ಅದು ನನ್ನದು. ಇದೇ ಬರ್ಕ್ಲಿಯ ಗುಡ್ಡಗಳಲ್ಲಿ ಆಡಿ ಬೆಳೆದ ಕ್ಲಿಫ್ ಕೋಲ್ಮನ್ ಹೆಸರಿನಲ್ಲಿ ಒಂದು ಪಟ್ಟೇ ಇದೆ. ಕುಕ್ಕರುಗಾಲಲ್ಲಿ ಕೂತು, ಮೊದಲು ಬಲಕ್ಕೆ ವಾಲಿ, ಥಟ್ಟನೆ ಎಡಕ್ಕೆ ತಿರುಗಿ, ಕೈಗವಸಿನ ಎಡಗೈಯನ್ನು ಹಿಂದೆ ನೆಲಕ್ಕೆ ಊರಿ ಹಿಮ್ಮಡಿಯಿಂದ ಹಲಗೆಯನ್ನು ನೂಕಬೇಕು. ಹಲಗೆ ರಸ್ತೆಗೆ ಅಡ್ಡವಾಗುತ್ತದೆ, ನಾಲ್ಕೂ ಚಕ್ರ ಹಿಡಿತ ಬಿಡುತ್ತವೆ. ಹಿಡಿತ ಬಿಟ್ಟರೇ ವೇಗ ಇಳಿಯುವುದು. ಮನಸ್ಸು ಇದನ್ನು ಒಪ್ಪಲು ನನಗೆ ಎರಡು ವರ್ಷ ಬೇಕಾಗಿತ್ತು.

ಹೊಸ ಪಾಲಿಯುರೆಥೇನ್ ಚಕ್ರಗಳನ್ನು ಮೊದಮೊದಲು ನಂಬುವಂತಿಲ್ಲ. ಮೇಲಿನ ನುಣುಪು ಪದರ ಸವೆಯುವ ತನಕ ಒಮ್ಮೆ ಕಚ್ಚುತ್ತವೆ, ಒಮ್ಮೆ ಬಿಡುತ್ತವೆ. ನಾಲ್ಕನೇ ಸಲ ಕಚ್ಚಿದಾಗ ಹಲಗೆ ಅಲ್ಲೇ ನಿಂತಿತು, ನಾನು ಮುಂದುವರಿದೆ. ಮಂಡಿಗೆ ಪ್ಯಾಡ್ ಇತ್ತು, ತಲೆಗೆ ಹೆಲ್ಮೆಟ್ ಇತ್ತು, ಸೊಂಟಕ್ಕೆ ಏನೂ ಇರಲಿಲ್ಲ. ಏಳನೇ ಸಲಕ್ಕೆ ಮಾತ್ರ ಸುಂಯ್ ಎಂಬ ಒಂದೇ ಸಮನೆಯ ಸದ್ದು ಬಂತು. ತಿರುಗಿ ನೋಡಿದರೆ ಡಾಂಬರಿನ ಮೇಲೆ ನಾಲ್ಕು ತೆಳು ಬಿಳಿ ಗೆರೆ, ರಂಗೋಲಿಗೆ ಕೂತವಳು ಅರ್ಧದಲ್ಲೇ ಎದ್ದುಹೋದ ಹಾಗೆ. ಹುಡುಗ ಹೆಬ್ಬೆರಳೆತ್ತಿದ. ಕಾಲ್ಬೆರಳ ಕಡೆಯ ಜಾರುವಿಕೆ ಇನ್ನೂ ಒಲಿದಿಲ್ಲ. ಅದರಲ್ಲಿ ಬೆನ್ನು ಇಳಿಜಾರಿಗೆ, ಮುಖ ಗುಡ್ಡಕ್ಕೆ. ಎತ್ತ ಹೋಗುತ್ತಿದ್ದೇನೆಂದು ಕಾಣದೆ ಹೋಗುವ ಧೈರ್ಯ ನನಗೆ ಬಂದಿಲ್ಲ.

ಹಳೆಯ ಹಲಗೆಯ ಮೇಲೆ ಕೈ ಊರದೆಯೂ ನಿಭಾಯಿಸುತ್ತಿದ್ದೆ. ಹೊಸದು ಪ್ರತಿ ತಿರುವಿಗೂ ಕೈ ಕೇಳುತ್ತದೆ. ಹಾಗಾಗಿ ಕೈಗವಸಿನ ಅಂಗೈಗೆ ಅಂಟಿಸುವ ಪ್ಲಾಸ್ಟಿಕ್ ಬಿಲ್ಲೆ ತಿಂಗಳೊಳಗೆ ಸವೆದು ಹಪ್ಪಳವಾಯಿತು. ಅಂಗಡಿಯ ಬಿಲ್ಲೆ ದುಬಾರಿ. ಮನೆಯಲ್ಲೇ ಕೊಯ್ದುಕೊಳ್ಳಬಹುದು ಎಂದು ಗುರುವೇ ಹೇಳಿಕೊಟ್ಟಿದ್ದ.

ಭಾನುವಾರ ಅಡುಗೆಮನೆಯಿಂದ ಕೂಗು ಬಂತು. "ರೀ, ಸ್ವಲ್ಪ ಬನ್ನಿ ಇಲ್ಲಿ." ಒಂದು ಕೈಯಲ್ಲಿ ಈರುಳ್ಳಿ, ಇನ್ನೊಂದರಲ್ಲಿ ತರಕಾರಿ ಹೆಚ್ಚುವ ಬಿಳಿಯ ದಪ್ಪ ಹಲಗೆ ಹಿಡಿದು ನಿಂತಿದ್ದಳು. ಅದರ ನಡುವಿನ ಎರಡು ದುಂಡು ತೂತುಗಳಲ್ಲಿ ಒಂದರಿಂದ ಅವಳ ಕಣ್ಣು ನನ್ನನ್ನೇ ನೋಡುತ್ತಿತ್ತು.