ಮರಳಿನ ಮೂಟೆ

ತುಂಗಭದ್ರೆಯ ದಡದ ಮುಕ್ಕುಂದ ನನ್ನ ಊರು. ಹೋದ ಬೇಸಿಗೆ ರಜೆಯ ಒಂದು ಮುಂಜಾವ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮರಳಿನ ಮೂಟೆ ಹೊತ್ತು ದಡದುದ್ದಕ್ಕೂ ಓಡುತ್ತಿದ್ದ. ಅಗ್ನಿಶಾಮಕ ದಳ ಸೇರುವ ಹಂಬಲ ಅವನದು.

"ಬಿ.ಎ. ಓದಿದವನಿಗೆ ಹಮಾಲಿಯೇಕಯ್ಯ?" ಎಂದು ನಕ್ಕೆ.

"63 ಮಿಲಿಮೀಟರ್ ಅಗಲದ ಪೈಪು, 15 ಮೀಟರ್ ಉದ್ದ. ತುಂಬಿದರ ನೀರಿನ ಭಾರನ ಸುಮಾರು 47 ಕಿಲೋ ರೀ ಸರ್. ಅದನ್ನ ಎಳಕೊಂಡು ಓಡಬೇಕು. ಬೆಂಕಿ ಹತ್ತಿದ ಮ್ಯಾಲ ಮೈ ಬೆಳಸಾಕ ಆಗಂಗಿಲ್ಲ" ಎಂದ.

ಮರುವಾರವೇ ನಮ್ಮ ಓಣಿಯ ಹುಲ್ಲಿನ ಬಣವೆ ಹೊತ್ತಿಕೊಂಡಿತು. ಗಾಳಿ ನಮ್ಮ ಮನೆಯ ಕಡೆಗೇ ಬೀಸುತ್ತಿತ್ತು. ಒಳಗೆ ಹಾಸಿಗೆ ಹಿಡಿದ ಅವ್ವ. ಅವಳನ್ನೆತ್ತಿಕೊಂಡು ನಾಲ್ಕು ಹೆಜ್ಜೆ ಇಟ್ಟೆನೋ ಇಲ್ಲವೋ, ಹೊಗೆಗೆ ಉಸಿರು ಕಟ್ಟಿ ಕುಸಿದೆ. ಆ ಹುಡುಗ ಒಳನುಗ್ಗಿದ. ಬಗ್ಗಿ ಅವ್ವನನ್ನು ಹೆಗಲಿಗೇರಿಸಿಕೊಂಡ. ಬಿಡುವಾಗಿದ್ದ ಕೈಯಿಂದ ನನ್ನ ರಟ್ಟೆ ಹಿಡಿದು ಹೊರಗೆಳೆದ. ಒಂದು ಕೈ ಬಿಡುವಾಗಿರುವಂತೆ ಹೊರುವುದೇ ಅಗ್ನಿಶಾಮಕರ ಪಾಠವಂತೆ.

1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನ ಸ್ಫೋಟದಲ್ಲಿ ಮಡಿದ ಅಗ್ನಿಶಾಮಕರನ್ನು ದೇಶ ಪ್ರತಿವರ್ಷ ನೆನೆಯುತ್ತದೆ. ಆ ದಿನ ಬಂದರೆ ನನಗೀಗ ಮೂಟೆಯೂ ನೆನಪಾಗುತ್ತದೆ.

ಊರಿಗೆ ಹೋದಾಗಲೆಲ್ಲ ನಾನೂ ಅರ್ಧ ಮೂಟೆ ಹೊತ್ತು ಏದುಸಿರು ಬಿಡುತ್ತೇನೆ. ಅವ್ವ ನಗುತ್ತಾಳೆ. ನಗಲಿ, ನಗಲು ಅವಳಿದ್ದಾಳಲ್ಲ!