ಪಾತ್ರೆ ಮೇಲಿನ ಹೆಸರು

ಕಾರೈಕುಡಿಗೆ ಹೋಗಿದ್ದು ಚೆಟ್ಟಿನಾಡಿನ ದೊಡ್ಡ ಮನೆಗಳನ್ನು ನೋಡೋಕೆ. ಅರ್ಧ ದಿನ ಕಳೆದಿದ್ದು ಮಾತ್ರ ಮುನೀಶ್ವರನ್ ಕೋವಿಲ್ ಬೀದಿಯ ಹಳೇ ಸಾಮಾನಿನ ಅಂಗಡಿಗಳಲ್ಲಿ. ಬರ್ಮಾ ತೇಗದ ಕಂಬ, ಎನಾಮಲ್ ಡಬ್ಬಿ, ರವಿವರ್ಮನ ಪ್ರಿಂಟು. ವ್ಯಾಪಾರಕ್ಕೆ ಬರ್ಮಾ, ಮಲಯಾಗೆ ಹೋದ ಚೆಟ್ಟಿಯಾರರು ಮನೆ ತುಂಬಿಸಿದ್ದು, ಪಾಲಾದಾಗ ಇಲ್ಲಿಗೆ ಬರುತ್ತೆ.

ಮಧ್ಯಾಹ್ನ ಗಿರಾಕಿಗಳಿಲ್ಲ. ನಾಲ್ಕು ಅಂಗಡಿಯವರು ಒಂದೇ ಜಗಲಿಯಲ್ಲಿ ಟೀ ಕುಡೀತಾ, ಕಂಚಿನ ದೀಪವೊಂದನ್ನು ಕೈಯಿಂದ ಕೈಗೆ ದಾಟಿಸುತ್ತಾ ವಯಸ್ಸೆಷ್ಟು ಅಂತ ವಾದ ಮಾಡುತ್ತಿದ್ದರು. ಬರೀ ಹರಟೆಯಲ್ಲ. 1972ರ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಕಲಾವಸ್ತು ಮಾರೋಕೆ ಲೈಸೆನ್ಸ್ ಬೇಕು, ಖಾಸಗಿಯವರು ವಿದೇಶಕ್ಕೆ ಕಳಿಸುವಂತೆಯೇ ಇಲ್ಲ. ಒಬ್ಬರು ಬುಡದ ಸವೆತ ತೋರಿಸಿದರು. ಹುಣಸೆಹಣ್ಣಲ್ಲಿ ದಿನಾ ಉಜ್ಜಿದರೆ ಹತ್ತೇ ವರ್ಷಕ್ಕೆ ಹೀಗಾಗುತ್ತೆ ಅಂತ ಇನ್ನೊಬ್ಬರು ನಕ್ಕರು. (ನನ್ನ ತಮಿಳಿಗೆ ಅಷ್ಟು ಅರ್ಥವಾಯಿತು.)

ಪಾತ್ರೆಗಳ ಮೇಲೆ ಚುಕ್ಕಿ ಚುಕ್ಕಿ ಅಕ್ಷರಗಳಿದ್ದವು. ಹಿರಿಯರೊಬ್ಬರನ್ನು ಕೇಳಿದೆ.

"ಮಗಳ ಮದುವೆಗೆ ಕೊಟ್ಟಿದ್ದು, ತಂಬಿ. ಮನೆತನದ ಗುರುತು. ನಾವು ಅಳಿಸಲ್ಲ, ಅಳಿಸಿದರೆ ಬೆಲೆ ಹೋಗುತ್ತೆ."

ನಮ್ಮಜ್ಜಿಯ ಹಿತ್ತಾಳೆ ಕೊಳಗದ ಮೇಲೂ ಹೀಗೇ ಹೆಸರಿತ್ತು. ಮೂರು ವರ್ಷದ ಹಿಂದೆ ಊರಮನೆ ಖಾಲಿ ಮಾಡುವಾಗ ಅದನ್ನು ಗುಜರಿಗೆ ತೂಕಕ್ಕೆ ಹಾಕಿದ್ದು ನಾನೇ. "ಅಜ್ಜಿ ಹೆಸರಿದೆ ಕಣೋ" ಅಂದಿದ್ದಳು ಅಮ್ಮ. ಫ್ಲಾಟಲ್ಲಿ ಜಾಗ ಎಲ್ಲಿದೆ ಅಂದಿದ್ದೆ.

ಹಿರಿಯರು ಒಂದು ತಂಬಿಗೆ ಕೊಟ್ಟು ಬೆಲೆ ಹೇಳಿದರು. ಇನ್ಯಾರದೋ ಅಜ್ಜಿಯದು. ವಾಪಸ್ ಇಟ್ಟುಬಿಟ್ಟೆ.

ಬಸ್‌ಸ್ಟ್ಯಾಂಡಿಂದ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಆ ಗುಜರಿಯವನ ನಂಬರ್ ಇದ್ಯೇನೋ?" ಅಂದಳು.